ಎತ್ತರದ ಎದುರು ಒಂದೇ ಅಂಕಿ ಬರೆದು ಹೆದರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ತೂಕ ಇಳಿಸುವ ಬಗ್ಗೆ ಒಂದು ಲೇಖನ ಬಂದಿತ್ತು. ಲೇಖನ ಚೆನ್ನಾಗಿಯೇ ಇತ್ತು. ನನ್ನ ತಕರಾರು ಅದರ ಪಕ್ಕದ ಬಾಕ್ಸ್ ಬಗ್ಗೆ. ಎಡಗಡೆ ಎತ್ತರ, ಬಲಗಡೆ 'ಇರಬೇಕಾದ ತೂಕ'. 155 ಸೆಂಟಿಮೀಟರ್ ಎತ್ತರದ ಹೆಂಗಸಿಗೆ 48 ಕಿಲೋ ಅಂತ ಹಾಕಿದ್ದೀರಿ. ಒಂದೇ ಅಂಕಿ. ಅದರ ಹಿಂದೆ ಮುಂದೆ ಏನೂ ಇಲ್ಲ.

ನನ್ನ ಎತ್ತರ 155. ಒಂದು ಕಾಲಕ್ಕೆ 78 ಕಿಲೋ ಇದ್ದೆ. ಈಗ ಕೆಲವು ವರ್ಷಗಳಿಂದ 68ರಿಂದ 70ರ ನಡುವೆ ಇದ್ದೇನೆ. ನಿಮ್ಮ ಬಾಕ್ಸ್ ಪ್ರಕಾರ ನಾನು ಇನ್ನೂ 20 ಕಿಲೋ ಜಾಸ್ತಿ. ನನ್ನ ಡಾಕ್ಟರ್ ಪ್ರಕಾರ ಗುರಿ ಮುಟ್ಟಿ ಆಗಿದೆ. ನಾನು ಡಾಕ್ಟರ್ ಪರ. ಯಾಕೆ ಅಂತ ಹೇಳುವುದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕಲೇಬೇಕಾದರೆ ನನ್ನ ಕಥೆಗೆ ಹಾಕಿ, ಲೆಕ್ಕಗಳಿಗೆ ಬೇಡ.

ನಾನು ನಿವೃತ್ತ ನರ್ಸ್. ನೌಕರಿಯ ಬಹುಪಾಲು ಹೊರರೋಗಿ ವಿಭಾಗದಲ್ಲೇ ಕಳೆಯಿತು. ಡಾಕ್ಟರ್ ಕೋಣೆಗೆ ಹೋಗುವ ಮುಂಚೆ ಎಲ್ಲರೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ತೂಕ, ಎತ್ತರ, ಬಿಪಿ. ತೂಕದ ಯಂತ್ರ ಹತ್ತುವಾಗ ಜನ ಮಾಡುವುದನ್ನು ನೋಡಿದರೆ ಮೊದಲು ನಗು ಬರುತ್ತದೆ, ಆಮೇಲೆ ಪಾಪ ಅನಿಸುತ್ತದೆ. ಚಪ್ಪಲಿ ಬಿಡುವುದು ಸರಿಯೇ. ವಾಚ್ ಬಿಚ್ಚುತ್ತಾರೆ. ಜೇಬಿನ ಚಿಲ್ಲರೆ ತೆಗೆದು ಮೇಜಿನ ಮೇಲಿಡುತ್ತಾರೆ. ಕನ್ನಡಕ ತೆಗೆದು, ಅದನ್ನು ಕೈಯಲ್ಲೇ ಹಿಡಿದುಕೊಂಡು ಹತ್ತುತ್ತಾರೆ! ಉಸಿರು ಬಿಗಿ ಹಿಡಿಯುತ್ತಾರೆ. ಕೆಲವರು ಅಂಕಿ ನೋಡದೆ ಸೂರು ನೋಡುತ್ತಾ ನಿಲ್ಲುತ್ತಾರೆ, 'ನೀವೇ ಬರ್ಕೊಳ್ಳಿ ಸಿಸ್ಟರ್, ನಂಗೆ ಹೇಳ್ಬೇಡಿ' ಅನ್ನುತ್ತಾರೆ. ಕೆಳಗಿಳಿದ ಮೇಲೆ ಅವರೇ ತಡೆಯಲಾರದೆ ಕೇಳುತ್ತಾರೆ, 'ಹಾಗಾದ್ರೆ ನಾನು ಎಷ್ಟಿರಬೇಕು?'

ನನ್ನ ಹಿಂದೆ ಗೋಡೆಯ ಮೇಲೆ ನಿಮ್ಮ ಬಾಕ್ಸಿನಂಥದ್ದೇ ಒಂದು ಚಾರ್ಟ್ ತೂಗುತ್ತಿತ್ತು. ಅದರ ಮೇಲೆ ಬೆರಳಿಟ್ಟು ತೋರಿಸಿದರೆ ಮುಖ ಬಾಡುತ್ತಿತ್ತು. 85 ಕಿಲೋ ಇರುವವರಿಗೆ 55 ಅಂತ ಕಾಣಿಸಿದರೆ ಇನ್ನೇನಾಗುತ್ತದೆ? 'ಮೂವತ್ತು ಕಿಲೋನಾ? ನನ್ನ ಕೈಲಾಗಲ್ಲ ಬಿಡಿ' ಅಂತ ಅಲ್ಲೇ ಕೈಚೆಲ್ಲಿದವರನ್ನು ನೋಡಿದ್ದೇನೆ. ಬೇಕಿದ್ದದ್ದು ಬಹುಶಃ ಐದಾರು ಕಿಲೋ ಮಾತ್ರ. ಅದನ್ನು ಹೇಳುವ ಸಾಲು ಚಾರ್ಟಿನಲ್ಲಿ ಇರಲಿಲ್ಲ. ನಿಮ್ಮ ಬಾಕ್ಸಿನಲ್ಲೂ ಇಲ್ಲ.

ಈಗ ಆ 48 ಎಲ್ಲಿಂದ ಬಂದಿರಬಹುದು, ನೋಡೋಣ. 1974ರಲ್ಲಿ ಡಿವೈನ್ ಎಂಬವರು ಒಂದು ಸೂತ್ರ ಕೊಟ್ಟರು. ಹೆಂಗಸರಿಗೆ 5 ಅಡಿಗೆ 45.5 ಕಿಲೋ, ಗಂಡಸರಿಗೆ 50 ಕಿಲೋ. ಅದರ ಮೇಲೆ ಪ್ರತಿ ಇಂಚಿಗೆ 2.3 ಕಿಲೋ ಸೇರಿಸಿ. 155 ಸೆಂಟಿಮೀಟರ್ ಅಂದರೆ 5 ಅಡಿ 1 ಇಂಚು. ಲೆಕ್ಕ ಹಾಕಿದರೆ 47.8. ನಿಮ್ಮ 48ಕ್ಕೆ ಸರಿಯಾಗಿ ಹೊಂದುತ್ತದೆ. ಇವತ್ತು ಮೊಬೈಲಿನಲ್ಲಿ 'ಆದರ್ಶ ತೂಕ' ತೋರಿಸುವ ಎಷ್ಟೋ ಕ್ಯಾಲ್ಕುಲೇಟರ್‌ಗಳ ಒಳಗೆ ಇರುವುದೂ ಇದೇ.

ಆದರೆ ಡಿವೈನ್ ಈ ಸೂತ್ರವನ್ನು ಯಾರೂ ಸಣ್ಣ ಆಗಲಿ ಅಂತ ಬರೆದದ್ದಲ್ಲ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ನಿನ ಡೋಸ್ ಲೆಕ್ಕ ಹಾಕುವುದಕ್ಕೆ ಬರೆದದ್ದು. ಆ ಔಷಧಿ ಕೊಬ್ಬಿನೊಳಗೆ ಅಷ್ಟಾಗಿ ಹೋಗುವುದಿಲ್ಲ. ದಪ್ಪ ಇರುವವರಿಗೆ ಅವರ ಪೂರ್ತಿ ತೂಕ ಹಿಡಿದು ಡೋಸ್ ಕೊಟ್ಟರೆ ಜಾಸ್ತಿಯಾಗಿ ಕಿಡ್ನಿಗೆ, ಕಿವಿಗೆ ಪೆಟ್ಟು. ಅದಕ್ಕೇ ಒಂದು ಅಂದಾಜು ತೂಕ ಬೇಕಿತ್ತು. ಆ ಇಂಜೆಕ್ಷನ್ ನಾನೂ ಬೇಕಾದಷ್ಟು ಚುಚ್ಚಿದ್ದೇನೆ. ಅದರ ಡೋಸಿನ ಅಂಕಿ ಮುಂದೊಂದು ದಿನ ನನ್ನ ಸೊಂಟದ ವಿಚಾರಕ್ಕೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು!

ಇನ್ನೊಂದು ಸೂತ್ರ ಅದಕ್ಕಿಂತ ಹಳೆಯದು. 19ನೇ ಶತಮಾನದ ಫ್ರೆಂಚ್ ಸರ್ಜನ್ ಪಾಲ್ ಬ್ರೋಕಾ ಹೆಸರಿನದು. ಎತ್ತರದ ಸೆಂಟಿಮೀಟರಿನಿಂದ 100 ಕಳೆಯಿರಿ, ಮುಗಿಯಿತು. ನನಗೆ 55. ಅಂದರೆ ಬ್ರೋಕಾ ಲೆಕ್ಕದಲ್ಲಿ ನನಗೆ 7 ಕಿಲೋ ರಿಯಾಯಿತಿ.

ಆಮೇಲೆ ಇನ್ಶೂರೆನ್ಸ್ ಕಂಪನಿಯ ಪಟ್ಟಿಗಳು. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿ 1940ರ ದಶಕದಲ್ಲಿ, ಮತ್ತೆ 1959ರಲ್ಲಿ, 1983ರಲ್ಲಿ ಇಂಥ ಪಟ್ಟಿ ಹೊರಡಿಸಿತು. ಪಾಲಿಸಿ ಮಾಡಿಸಿದವರಲ್ಲಿ ಯಾವ ತೂಕದವರು ಹೆಚ್ಚು ಕಾಲ ಬದುಕಿದರು ಅನ್ನುವುದೇ ಅದರ ಆಧಾರ. ಆದರೆ ಪಾಲಿಸಿ ಮಾಡಿಸುವವರು ಎಲ್ಲ ಥರದ ಜನ ಅಲ್ಲವಲ್ಲ. 1983ರ ಪಟ್ಟಿಯಲ್ಲಿ ಒಂದು ತಮಾಷೆ ಇದೆ. ಎತ್ತರಕ್ಕೆ ಒಂದು ಇಂಚಿನ ಹಿಮ್ಮಡಿಯ ಶೂ ಸೇರಿಸಿದ್ದಾರೆ, ತೂಕಕ್ಕೆ ಬಟ್ಟೆಯ ಭಾರ ಸೇರಿಸಿದ್ದಾರೆ. ಅದನ್ನು ಗಮನಿಸದೆ ಬರಿಗಾಲಲ್ಲಿ ಅಳೆದುಕೊಂಡು ಪಟ್ಟಿ ನೋಡಿದವರು ಎಷ್ಟು ಜನರೋ. ಅಂದಹಾಗೆ, ನಿಮ್ಮ ಲೇಖನದ ಚಿತ್ರದಲ್ಲಿರುವ ಹುಡುಗಿಯೂ ಶೂ ಹಾಕಿಕೊಂಡೇ ಯಂತ್ರ ಹತ್ತಿದ್ದಾಳೆ. ನನ್ನ ಕೈಗೆ ಸಿಕ್ಕಿದ್ದರೆ ಇಳಿಸುತ್ತಿದ್ದೆ.

ಈಗ ಎಲ್ಲರ ಬಾಯಲ್ಲಿರುವುದು ಬಿಎಂಐ, ಅಂದರೆ ಬಾಡಿ ಮಾಸ್ ಇಂಡೆಕ್ಸ್. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿ. ಇದರ ಮೂಲ ಬೆಲ್ಜಿಯಂನ ಅಡೋಲ್ಫ್ ಕೆಟ್ಲೆ. ಆತ ಡಾಕ್ಟರ್ ಅಲ್ಲ, ಖಗೋಳ ಮತ್ತು ಅಂಕಿಅಂಶದ ಪಂಡಿತ. 1830ರ ದಶಕದಲ್ಲಿ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಿದ್ದ. ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಎಂಬ ಅಮೆರಿಕನ್ ವಿಜ್ಞಾನಿಯಿಂದ. ಸಾವಿರಾರು ಜನರ ಗುಂಪನ್ನು ಅಳೆಯುವುದಕ್ಕೆ ಇದು ಒಳ್ಳೆಯ ಅಳತೆ. ಒಬ್ಬರ ಮುಂದೆ ಇಟ್ಟು 'ನೀವು ಇಷ್ಟಿರಬೇಕು' ಅನ್ನುವುದಕ್ಕೆ ಅಲ್ಲ.

ಅದರ ಗೆರೆಗಳೂ ಕಲ್ಲಿನ ಮೇಲೆ ಕೊರೆದವಲ್ಲ. ಅಮೆರಿಕದಲ್ಲಿ 1998ರವರೆಗೆ ಗಂಡಸರಿಗೆ 27.8 ದಾಟಿದರೆ, ಹೆಂಗಸರಿಗೆ 27.3 ದಾಟಿದರೆ ಅತಿತೂಕ. ಆ ವರ್ಷ ಗೆರೆಯನ್ನು 25ಕ್ಕೆ ಇಳಿಸಿದರು. ಒಂದು ಗ್ರಾಂ ಕೂಡ ಏರದೆ ಲಕ್ಷಾಂತರ ಜನ ಅತಿತೂಕದವರಾದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂದರು. ಅದಕ್ಕೆ ಸರಿಯಾದ ಕಾರಣವಿದೆ. ಏಷ್ಯಾದ ಜನರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ. ನಾನು ಬಿಎಂಐಯನ್ನು ತಳ್ಳಿ ಹಾಕುತ್ತಿಲ್ಲ. ಎಲ್ಲಿದ್ದೇವೆ ಅಂತ ತಿಳಿಯಲು ಅದು ಬೇಕು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅದೊಂದೇ ಹೇಳಲಾರದು. 18.5ರಿಂದ 24.9 ಸರಿಯಾದ ಬಿಎಂಐ ಅನ್ನುವುದನ್ನೇ ನನ್ನ ಎತ್ತರಕ್ಕೆ ಹಾಕಿ ನೋಡಿ. 44ರಿಂದ 60 ಕಿಲೋ ಹತ್ತಿರ. ಸರಿಯಾದ ತೂಕ ಅನ್ನುವುದರೊಳಗೇ ಹದಿನೈದು ಕಿಲೋ ಜಾಗ ಇದೆ. ಅದರಲ್ಲಿ ನಿಮಗೆ 48 ಮಾತ್ರ ಯಾಕೆ ಕಂಡಿತು?

ಇಷ್ಟು ಸೂತ್ರಗಳ ಕಥೆ. ಈಗ ಮನುಷ್ಯರ ಕಥೆಗೆ ಬರುತ್ತೇನೆ.

1997ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ಯಾರಿ ಫಾಸ್ಟರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಗುರಿ ತೂಕದ ಮಾತು ಬಂದಾಗಲೆಲ್ಲ ನಾನು ಇದನ್ನೇ ಹೇಳುವುದು. ತೂಕ ಇಳಿಸಲು ಬಂದ 60 ಹೆಂಗಸರನ್ನು ಶುರುವಿನಲ್ಲೇ ಕೇಳಿದರು. ನಿಮ್ಮ ಗುರಿ ಎಷ್ಟು? ಕನಸಿನ ತೂಕ ಎಷ್ಟು? ಎಷ್ಟಾದರೆ ಖುಷಿ? ಎಷ್ಟಾದರೆ 'ಪರವಾಗಿಲ್ಲ'? ಎಷ್ಟಕ್ಕೆ ನಿಂತರೆ ಬೇಜಾರು? ಅವರು ಇಟ್ಟುಕೊಂಡ ಗುರಿ ಸರಾಸರಿ ತೆಗೆದರೆ, ತಮ್ಮ ತೂಕದಲ್ಲಿ ಶೇ 32ರಷ್ಟು ಇಳಿಸುವುದು. 78 ಕಿಲೋದ ನನಗೆ ಹಾಕಿದರೆ 53. ಆ ಹೆಂಗಸರು 25 ಕಿಲೋ ಇಳಿದರೆ ಪರವಾಗಿಲ್ಲ ಅಂದರು. ಬರೀ 17 ಕಿಲೋ ಇಳಿದರೆ ಬೇಜಾರು ಅಂದರು.

48 ವಾರ ಚಿಕಿತ್ಸೆ ನಡೆಯಿತು. ಸರಾಸರಿ 16 ಕಿಲೋ ಇಳಿಯಿತು. ಹದಿನಾರು ಕಿಲೋ! ನನ್ನ ಮೇಜಿನ ಮುಂದೆ ಯಾರಾದರೂ 16 ಕಿಲೋ ಇಳಿಸಿ ಬಂದಿದ್ದರೆ ನಾನು ಎದ್ದು ನಿಂತು ಕೈ ಕುಲುಕುತ್ತಿದ್ದೆ. ಆದರೆ ಆ ಗುಂಪಿನಲ್ಲಿ ಶೇ 47 ಮಂದಿ ತಾವೇ ಹೇಳಿದ್ದ 'ಬೇಜಾರಿನ ತೂಕ'ವನ್ನೂ ಮುಟ್ಟಿರಲಿಲ್ಲ. ಮೈ ಇಷ್ಟು ಕೆಲಸ ಮಾಡಿದೆ, ಬಿಪಿ ಸಕ್ಕರೆ ಸುಧಾರಿಸುವಷ್ಟು ಇಳಿದಿದೆ, ಆದರೂ ಸೋತೆ ಅನ್ನುವ ಭಾವನೆ. ಆ ಭಾವನೆ ತಂದದ್ದು ಯಾವುದು? ಮೊದಲ ದಿನ ಬರೆದ ಅಂಕಿ.

ಇದಕ್ಕೆ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. 2002ರಲ್ಲಿ ಬಂದ 'ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ' ಅಧ್ಯಯನ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನ. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಏನು ಗೊತ್ತಾ? ಈಗಿನ ತೂಕದಲ್ಲಿ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಥವಾ ಅಂಥದ್ದೇ ವ್ಯಾಯಾಮ ಮಾಡಿ. ಅಷ್ಟೇ. ಸುಮಾರು ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ಗುಂಪಿನಲ್ಲಿ ತಗ್ಗಿದ್ದು ಶೇ 31. 78 ಕಿಲೋಗೆ ಶೇ 7 ಅಂದರೆ ಐದೂವರೆ ಕಿಲೋ. 72.5 ತಲುಪಿದರೆ ಆಯಿತು. ನಿಮ್ಮ ಬಾಕ್ಸಿನ 48ರ ಮುಂದೆ ಈ 72.5ಕ್ಕೆ ಮರ್ಯಾದೆಯೇ ಇಲ್ಲ. ಆದರೆ ಕಾಯಿಲೆ ತಡೆದದ್ದು ಅಂಥ ಅಂಕಿಯೇ.

ಹಾಗಾದರೆ ಎಲ್ಲರಿಗೂ ಶೇ 7 ಸಾಕಾ? ಇಲ್ಲ. ಯಾತಕ್ಕೆ ಇಳಿಸುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಮೊಣಕಾಲು ಸವೆದವರಲ್ಲಿ ಮಾಡಿದ ಅಧ್ಯಯನ ಒಂದಿದೆ. ಅದರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಅಂತ ಕಂಡಿತು. ಅಂಥವರಿಗೆ ಇಳಿದ ಪ್ರತಿ ಕಿಲೋ ಲಾಭವೇ. ಸಕ್ಕರೆ ಕಾಯಿಲೆ ಬಂದು ಕೆಲವೇ ವರ್ಷ ಆಗಿದ್ದು, ಅದನ್ನು ಹಿಮ್ಮೆಟ್ಟಿಸುವ ಆಸೆ ಇರುವವರಿಗೆ ಗುರಿ ದೊಡ್ಡದೇ ಬೇಕು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಶೇ 86 ಮಂದಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಅದು ಡಾಕ್ಟರ್ ಕಣ್ಗಾವಲಿನಲ್ಲಿ ಮಾಡಿದ ಕೆಲಸ, ಮನೆಯಲ್ಲಿ ಸುಮ್ನೆ ಉಪವಾಸ ಕೂತು ಮಾಡಿದ್ದಲ್ಲ. ಮಾತ್ರೆ ತೆಗೆದುಕೊಳ್ಳುವವರು ಊಟ ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ಬೀಳಬಹುದು.

ನನ್ನ ವಿಚಾರ ಹೇಳುತ್ತೇನೆ. 78 ಇದ್ದಾಗ ಹೆಚ್‌ಬಿಎ1ಸಿ 6.2 ಬಂತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಅದು. 6.2 ಅಂದರೆ ಸಕ್ಕರೆ ಕಾಯಿಲೆಯ ಅಂಚು. ಬಿಪಿಗೆ ಮಾತ್ರೆ ನಡೆಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ಕೀ ಅನ್ನುತ್ತಿತ್ತು. ನನ್ನ ಡಾಕ್ಟರ್ ನನಗಿಂತ ಎಷ್ಟೋ ಚಿಕ್ಕವಳು. ಚಾರ್ಟ್ ತೆಗೆಯಲೇ ಇಲ್ಲ. ಒಂದು ಖಾಲಿ ಹಾಳೆ ಮುಂದಿಟ್ಟು, 'ಸುಮಾರು ಇಪ್ಪತ್ತನೇ ವಯಸ್ಸಿನಿಂದ ಈಚೆಗೆ ನಿಮ್ಮ ತೂಕ ಎಲ್ಲೆಲ್ಲಿ ಇತ್ತು, ನೆನಪಿದ್ದಷ್ಟು ಬರೀರಿ' ಅಂದಳು. ಬರೆದೆ. ಹತ್ತೊಂಬತ್ತನೇ ವಯಸ್ಸಿಗೆ 52. ಮೂವತ್ತರ ಹರೆಯದಲ್ಲಿ ಬಹಳ ಕಾಲ 63, 64. ಆಮೇಲೆ ನೈಟ್ ಡ್ಯೂಟಿ ಜಾಸ್ತಿ ಆದ ವರ್ಷಗಳಲ್ಲಿ 70. ಮುಟ್ಟು ನಿಂತ ಮೇಲೆ 78.

ನನ್ನ ತಂಗಿ ಅಷ್ಟರಲ್ಲೇ ಹಳೇ ಫೋಟೊ ಒಂದನ್ನು ಹುಡುಕಿಟ್ಟಿದ್ದಳು. 52ರ ಕಾಲದ್ದು. 'ಮತ್ತೆ ಹೀಗಾಗು' ಅಂತ ಅವಳ ಒತ್ತಾಯ. ಅದನ್ನು ಡಾಕ್ಟರಿಗೆ ತೋರಿಸಿದೆ. ಚೆನ್ನಾಗಿ ನೋಡಿ ವಾಪಸ್ ಕೊಟ್ಟಳು. 'ಆ ಹುಡುಗಿ ತೂಕ ಆ ಹುಡುಗಿಗೆ ಇರಲಿ' ಅಂದಳು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ಏನೂ ಕಷ್ಟ ಪಡದೆ ನೀವು ಬಹಳ ಕಾಲ ಇದ್ದ ತೂಕ ಯಾವುದು? ಈಗ ಕೆಲಸ, ನಿದ್ದೆ, ಮನೆ ಎಲ್ಲ ಬದಲಾಗಿರುವಾಗ ಅದು ಮತ್ತೆ ಸಾಧ್ಯ ಅನ್ನಿಸುತ್ತದಾ? ನಾನು 64 ಅಂದೆ, ಮತ್ತೆ ಅನುಮಾನದ ಮುಖ ಮಾಡಿದೆ. ಅವಳು ಹಾಳೆಯಲ್ಲಿ 64 ಬರೆಯಲಿಲ್ಲ. 74 ಬರೆದಳು. ಅದರ ಕೆಳಗೆ 70. 'ಮೊದಲು 74. ಅಲ್ಲಿ ರಕ್ತ ಪರೀಕ್ಷೆ ಮಾಡೋಣ. ಆಮೇಲೆ 70. ಅಲ್ಲಿಂದ ಮುಂದೆ ಬೇಕಾ ಅಂತ ಆಗ ಯೋಚಿಸೋಣ' ಅಂದಳು. 74 ಅಂದರೆ ಶೇ 5, 70 ಅಂದರೆ ಶೇ 10. ಲೆಕ್ಕ ಅಷ್ಟು ಸರಳ.

70 ತಲುಪಿದಾಗ ಹೆಚ್‌ಬಿಎ1ಸಿ 5.6. ಬಿಪಿ ಮಾತ್ರೆ ಅರ್ಧ ಆಯಿತು. ಮೊಣಕಾಲು ಈಗಲೂ ಕೀ ಅನ್ನುತ್ತದೆ, ಆದರೆ ಮೆಟ್ಟಿಲ ಕಂಬಿ ಹಿಡಿಯದೆ ಇಳಿಯುತ್ತೇನೆ. ಅಲ್ಲಿಂದ ಮುಂದೆ ಹೋಗಿ ನೋಡೋಣ ಅಂತ 66ರವರೆಗೆ ಇಳಿದದ್ದೂ ಉಂಟು. ಆ ನಾಲ್ಕು ಕಿಲೋಗೆ ಕೊಟ್ಟದ್ದು ಏನು ಅಂತ ಇಲ್ಲಿ ಬರೆಯಬೇಕು, ಯಾಕೆಂದರೆ ಯಾವ ಪಟ್ಟಿಯೂ ಅದನ್ನು ಬರೆಯುವುದಿಲ್ಲ. ನಡುರಾತ್ರಿ ಹಸಿದು ಎಚ್ಚರ ಆಗುತ್ತಿತ್ತು. ಮನೆಯವರ ಮೇಲೆ ಸಿಡುಕು. ಎಲ್ಲರ ಜೊತೆ ಊಟಕ್ಕೆ ಕೂತರೆ ನನ್ನ ಕಣ್ಣು ಇನ್ನೊಬ್ಬರ ತಟ್ಟೆಯ ಮೇಲೆ. ಗೆಳತಿಯರು ಕರೆದರೆ ಹೋಗುವುದಕ್ಕೇ ಹಿಂಜರಿಕೆ. ಮಧ್ಯಾಹ್ನದ ಊಟ ಮುಗಿಸಿ ಏಳುವಾಗಲೇ ರಾತ್ರಿಯದರ ಯೋಚನೆ. ಇಷ್ಟೆಲ್ಲ ಮಾಡಿ ರಕ್ತ ಪರೀಕ್ಷೆ ನೋಡಿದರೆ 70ರಲ್ಲಿದ್ದದ್ದಕ್ಕೂ 66ರಲ್ಲಿದ್ದದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಡಾಕ್ಟರಿಗೆ ಹೇಳಿದೆ. ಅವಳೂ ಒಪ್ಪಿದಳು. 68ರಿಂದ 70 ಅಂತ ಗೊತ್ತು ಮಾಡಿಕೊಂಡೆವು.

ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಹೀಗಾಯಿತು ಅನ್ನುವವರು ಇರುತ್ತಾರೆ. ಇದು ಮನಸ್ಸಿನ ಮಾತು ಮಾತ್ರ ಅಲ್ಲ. ತೂಕ ಇಳಿದಾಗ ದೇಹ ಹಸಿವಿನ ಹಾರ್ಮೋನು ಗ್ರೆಲಿನ್ ಅನ್ನು ಏರಿಸುತ್ತದೆ, ಹೊಟ್ಟೆ ತುಂಬಿದೆ ಅನ್ನುವ ಸುದ್ದಿ ಕೊಡುವ ಲೆಪ್ಟಿನ್ ಅನ್ನು ಇಳಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷ ಆದ ಮೇಲೂ ಈ ಬದಲಾವಣೆ ಉಳಿದೇ ಇತ್ತು. ಸಣ್ಣ ದೇಹ ಸುಡುವ ಶಕ್ತಿಯೂ ಕಡಿಮೆ. ಅಂದರೆ ಕೊನೆಯ ಕಿಲೋಗಳು ಮೊದಲ ಕಿಲೋಗಳಷ್ಟು ಸಲೀಸಾಗಿ ಹೋಗುವುದಿಲ್ಲ, ಹೋದರೂ ಅಲ್ಲೇ ನಿಲ್ಲಿಸಿಕೊಳ್ಳುವುದು ಇನ್ನೂ ಕಷ್ಟ. ಆದ್ದರಿಂದ ಗುರಿ ಇಡುವಾಗ 'ಎಲ್ಲಿಯವರೆಗೆ ಇಳಿಯಬಲ್ಲೆ' ಅಂತ ಕೇಳಿಕೊಳ್ಳುವುದಕ್ಕಿಂತ 'ಎಲ್ಲಿ ಇರಬಲ್ಲೆ' ಅಂತ ಕೇಳಿಕೊಳ್ಳುವುದು ಒಳ್ಳೆಯದು. ನಾಲ್ಕು ಕಿಲೋ ಇಳಿಸಿ ಅದನ್ನು ಉಳಿಸಿಕೊಂಡವರು ಹದಿನಾಲ್ಕು ಇಳಿಸಿ ಹದಿನೈದು ಏರಿಸಿಕೊಂಡವರಿಗಿಂತ ಮುಂದಿದ್ದಾರೆ ಅಂತ ನನ್ನ ಲೆಕ್ಕ.

ಈಗ ತೂಕ ಇಳಿಸುವ ಇಂಜೆಕ್ಷನ್ನುಗಳೂ ಬಂದಿವೆ, ಅದರ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿದೆ. ಹಿಂದೆ ಕನಸು ಅನ್ನಿಸುತ್ತಿದ್ದ ಗುರಿಗಳು ಕೆಲವರಿಗೆ ಈಗ ಕೈಗೆಟುಕುತ್ತವೆ. ಆದರೆ ಅದೇ ಪ್ರಯೋಗದಲ್ಲಿ ಇಂಜೆಕ್ಷನ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂತು. ಹಾಗಾಗಿ ಎಷ್ಟು ಇಳಿಸಬೇಕು ಅನ್ನುವ ಜೊತೆಗೆ ಎಷ್ಟು ಕಾಲ ಚುಚ್ಚಿಸಿಕೊಳ್ಳಬಲ್ಲೆ ಅನ್ನುವುದನ್ನೂ ಡಾಕ್ಟರ್ ಹತ್ತಿರ ಮೊದಲೇ ಮಾತಾಡಬೇಕು.

ಒಂದು ಅಂಕಿ ಬಿಟ್ಟು 68ರಿಂದ 70 ಅಂತ ಯಾಕೆ? ತೂಕದ ಯಂತ್ರ ಕೊಬ್ಬನ್ನು ಮಾತ್ರ ತೂಗುವುದಿಲ್ಲ. ನೀರು, ಹೊಟ್ಟೆಯಲ್ಲಿರುವ ಊಟ, ಮಲಬದ್ಧತೆ ಎಲ್ಲ ಅದರೊಳಗೆ. ಉಪ್ಪು ಜಾಸ್ತಿ ತಿಂದ ಮರುದಿನ ಏರುತ್ತದೆ. ಮುಟ್ಟಿನ ದಿನಗಳ ಮುಂಚೆ ಹೆಂಗಸರಿಗೆ ಏರುತ್ತದೆ. ದೇಹದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ದೇಹದ ಸಕ್ಕರೆ ದಾಸ್ತಾನು) ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕಿಲೋ ಇಳಿದು ಕುಣಿಯುವವರಿಗೆ ಇಳಿದದ್ದು ಬಹುಪಾಲು ಈ ನೀರು. ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದು ಮಾಮೂಲು. 69 ಅಂತ ಗೆರೆ ಎಳೆದು ಕೂತರೆ ಅರ್ಧ ವಾರ ಗೆದ್ದೆ, ಇನ್ನರ್ಧ ವಾರ ಸೋತೆ. ನನ್ನದು 68ರಿಂದ 70. 71 ಕಂಡು ಎರಡು ವಾರ ಅಲ್ಲೇ ನಿಂತರೆ ಮಾತ್ರ ತಟ್ಟೆ ಕಡೆ ಗಮನ ಕೊಡುತ್ತೇನೆ.

ಇನ್ನೊಂದು ಅಳತೆ ಇದೆ, ಅದಕ್ಕೆ ನಿಮ್ಮ ಬಾಕ್ಸಿನಲ್ಲಿ ಜಾಗವೇ ಇಲ್ಲ. ಟೇಪು. ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಹೃದಯಕ್ಕೂ ಸಕ್ಕರೆಗೂ ಹೆಚ್ಚು ತೊಂದರೆ. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅನ್ನುತ್ತಾರೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅನ್ನುವುದು ಇನ್ನೂ ಸುಲಭದ ಲೆಕ್ಕ. ನನಗೆ ಅದು 77.5. ನಾನು 99ರಿಂದ 89ಕ್ಕೆ ಬಂದಿದ್ದೇನೆ. ಇನ್ನೂ ಗೆರೆಯ ಒಳಗೆ ಬಂದಿಲ್ಲ, ಮುಚ್ಚಿಡುವುದೇನಿದೆ. ಆದರೆ ತೂಕ ನಿಂತ ಮೇಲೂ ಟೇಪು ಎರಡು ಸೆಂಟಿಮೀಟರ್ ಇಳಿಯಿತು. ಭಾರ ಎತ್ತುವ ವ್ಯಾಯಾಮ ಶುರು ಮಾಡಿದ್ದೆ, ಅದರ ಫಲ. ಬರೀ ಊಟ ಬಿಟ್ಟು ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಯಂತ್ರಕ್ಕೆ ಎರಡೂ ಒಂದೇ. ನಿಮಗೆ ಮಾತ್ರ ಒಂದೇ ಅಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು ಕಷ್ಟವಾಗುತ್ತಾ ಬಂದರೆ ತೂಕ ಎಷ್ಟೇ ಇಳಿದಿದ್ದರೂ ಅದು ಒಳ್ಳೆಯ ಸುದ್ದಿಯಲ್ಲ.

ಟೇಪು ಹಿಡಿಯುವ ಜಾಗ ಮಾತ್ರ ಸರಿ ಇರಲಿ. ಬಟ್ಟೆಯ ಪಟ್ಟಿ ಕಟ್ಟುವ ಕಡೆ ಅಲ್ಲ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ತುದಿಗೂ ನಡುವೆ, ಬರಿ ಮೈಗೆ, ಸಹಜವಾಗಿ ಉಸಿರು ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಂಡರೆ ಟೇಪಿಗೆ ಮೋಸ ಮಾಡಬಹುದು, ಅಷ್ಟೇ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳ ಸಮೂಹದ ತಜ್ಞರ ಆಯೋಗವೂ ಟೇಪು ಹಿಡಿಯಿರಿ ಅಂತಲೇ ಹೇಳಿತು. ಬಿಎಂಐ ಒಂದನ್ನೇ ನೋಡಿ ಒಬ್ಬರಿಗೆ ಬೊಜ್ಜಿನ ಕಾಯಿಲೆ ಅಂತ ತೀರ್ಮಾನಿಸಬೇಡಿ, ಸೊಂಟ ಅಳೆಯಿರಿ, ಅಂಗಾಂಗಗಳು ಹೇಗಿವೆ ನೋಡಿ ಅಂತ.

ಗುರಿ ತೂಕವನ್ನು ತಾವೇ ಇಟ್ಟುಕೊಳ್ಳಬಾರದವರೂ ಇದ್ದಾರೆ. ಬೆಳೆಯುವ ಮಕ್ಕಳು, ಬಸುರಿಯರು, ಊಟದ ಬಗ್ಗೆಯೇ ಭಯ ಹಿಡಿದು ಒಮ್ಮೆ ಕಷ್ಟಪಟ್ಟವರು. ವಯಸ್ಸಾದವರಿಗೆ ತಾನಾಗಿ ತೂಕ ಇಳಿಯುತ್ತಿದ್ದರೆ ಖುಷಿ ಪಡದೆ ಡಾಕ್ಟರಿಗೆ ತೋರಿಸಬೇಕು. ನಿಮ್ಮ ಬಾಕ್ಸ್ ನೋಡುವವರಲ್ಲಿ ಇವರೂ ಇರುತ್ತಾರೆ ಅನ್ನುವುದನ್ನು ಮರೆಯಬೇಡಿ. ಹದಿನಾಲ್ಕರ ಹುಡುಗಿಗೆ 48 ಅನ್ನುವುದು ಬೇರೆಯೇ ಥರ ಕೇಳಿಸುತ್ತದೆ.

ಆದ್ದರಿಂದ ನನ್ನ ಕೋರಿಕೆ. ಮುಂದಿನ ಸಲ ಬಾಕ್ಸ್ ಹಾಕುವುದಾದರೆ 'ಇರಬೇಕಾದ ತೂಕ' ತೆಗೆದುಬಿಡಿ. ಎಡಗಡೆ ಎತ್ತರದ ಬದಲು ಈಗಿನ ತೂಕ ಹಾಕಿ. ಬಲಗಡೆ ಮೂರು ಅಂಕಣ, ಶೇ 5, ಶೇ 7, ಶೇ 10 ಇಳಿದರೆ ಎಷ್ಟಾಗುತ್ತದೆ ಅಂತ. 70 ಕಿಲೋ ಇರುವವರಿಗೆ 66.5, 65.1, 63. 80 ಇರುವವರಿಗೆ 76, 74.4, 72. 90 ಇರುವವರಿಗೆ 85.5, 83.7, 81. 100 ಇರುವವರಿಗೆ 95, 93, 90. ಕೆಳಗೆ ಸೊಂಟದ ಅಳತೆಗೆ ಒಂದು ಸಾಲು. ಇದು ಅತಿತೂಕ ಇರುವ ದೊಡ್ಡವರಿಗೆ ಮಾತ್ರ ಅಂತ ಇನ್ನೊಂದು ಸಾಲು. ಲೆಕ್ಕ ನಾನೇ ಹಾಕಿ ಕೊಟ್ಟಿದ್ದೇನೆ, ನಿಮ್ಮವರಿಗೆ ಗೆರೆ ಎಳೆಯುವ ಕೆಲಸ ಅಷ್ಟೇ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ, ನಿವೃತ್ತ ನರ್ಸ್